ಮಡಿ, ಮಹಡಿ

ವಿದ್ಯಾವಿಹಾರ ಸ್ಟೇಷನ್ನಿನ ಪೂರ್ವಕ್ಕೆ
ಸೈಡಿಂಗ್ ಹಳಿಗೂ ಗಟಾರಕ್ಕೂ ನಡುವೆ
ಕೆಂಪು ಬಿಳಿ ಕೋಲು ಹಿಡಿದು ನಿಂತಿದ್ದೇನೆ.
ಅತ್ತ, ಮೂರು ಕಾಲಿನ ಯಂತ್ರಕ್ಕೆ ಒಂದು ಕಣ್ಣು ಕೊಟ್ಟು
ಕರಂದೀಕರ್ ಬಾಯಿ ಕೈ ಆಡಿಸುತ್ತಾರೆ:
ಎಡಕ್ಕೆ. ಇನ್ನೂ ಎಡಕ್ಕೆ. ನೆಟ್ಟಗೆ.
ನನ್ನ ಕೆಲಸ ಇಷ್ಟೇ, ಅಲುಗಾಡಬಾರದು.
ಲೋಕಲ್ ಹಾಯುವಾಗ ನೆಲವೇ ಅಲುಗಿದರೆ
ಅದು ನನ್ನ ಲೆಕ್ಕಕ್ಕಲ್ಲ.

ನಕ್ಷೆಯಲ್ಲಿ ಈ ಜಾಗಕ್ಕೆ ಬಣ್ಣವಿಲ್ಲ.
ಸೀಸದಕಡ್ಡಿಯಲ್ಲಿ ಬರೆದಿದೆ: ಖಾಲಿ.
ಖಾಲಿಯೊಳಗೆ
ಜಗರೂಪ್ ಮೌರ್ಯನ ಹದಿನೇಳು ಮಡಿ ಪಾಲಕ್,
ಬೆಂಡೆ ಒಂದು ಸಾಲು, ನೀರೆತ್ತುವ ಎಣ್ಣೆಡಬ್ಬ,
ಹಳೇ ಸ್ಲೀಪರಿನ ಮೇಲೆ ಒಣಗುವ ಬನಿಯನ್,
ಸಿಗ್ನಲ್ ಕೇಬಿನ್ನಿನ ಕಿಟಕಿಯಿಂದ ಮೈ ಚಾಚಿದ ಅತ್ತಿಗಿಡ,
ಓಡುವ ಗಾಡಿ ಹತ್ತಿದ ಯಾರದೋ
ಒಂಟಿ ಚಪ್ಪಲಿ.

ಇಪ್ಪತ್ತೆರಡು ಮಹಡಿ ನಿಲ್ಲಬಹುದು ಇಲ್ಲಿ, ಅಂದರು ಬಾಯಿ.
ನಿಲ್ಲಬಹುದು.
ಈ ಮುಂಬಯಿಯಲ್ಲಿ ಎಲ್ಲಕ್ಕಿಂತ ಎತ್ತರದ್ದು
ಆ 'ಬಹುದು'.

ಮಡಿಗೂ ಮಹಡಿಗೂ ನಡುವೆ ಒಂದೇ ಅಕ್ಷರ.
ಲೋಟ ತೊಳೆದು ಸುಕ್ಕಾದ ಬೆರಳಲ್ಲಿ
ರಾತ್ರಿಶಾಲೆಯ ಮಾಸ್ತರು ತಿದ್ದಿಸಿದ್ದರು.
ಹಕಾರ ನುಂಗಿ ನಾನು 'ಮಾಡಿ' ಅನ್ನುತ್ತಿದ್ದೆ.
ಹೊಟ್ಟೆಯಿಂದ ಉಸಿರು ಬಿಡೋ, ಎಂದು ಬೆನ್ನಿಗೊಂದು ಗುದ್ದು.

ಕೋಲು ಪೂರ್ತಿ ಎಳೆದರೆ ನಾಲ್ಕು ಮೀಟರು.
ತುದಿಯಲ್ಲಿ ಒಂದು ಮನೆಯ ನೆಲ.
ಅಲ್ಲಿಂದ ಮೇಲೆ ನನ್ನದು ಬರೀ ಅಂದಾಜು:
ಕಾಗೆ ಕೂತ ಕಂಬದ ತೋಳಿನ ಹತ್ತಿರ ಯಾರದೋ ಅಡಿಗೆಮನೆ,
ಇಪ್ಪತ್ತೈದು ಸಾವಿರ ವೋಲ್ಟಿನ ತಂತಿಯ ಆಚೆ
ಒಣಹಾಕಿದ ಹಪ್ಪಳ.
ಗಾಡಿ ಬಂದಾಗಲೆಲ್ಲ ಕಪಾಟಿನ ಲೋಟಗಳು ಕಿಣಿಕಿಣಿ.
ಹೊಸ ಸೊಸೆಗೆ ಮೊದಲ ವಾರ ನಿದ್ದೆಯಿಲ್ಲ,
ಎರಡನೇ ವಾರ, ಗಾಡಿ ನಿಂತರೆ ಎಚ್ಚರ.

ಟಿಟ್ವಾಳದಲ್ಲಿ ನನ್ನ ನೀಲಗಂಗಾ
ನಾಲ್ಕಕ್ಕೆ ಒಲೆ ಹಚ್ಚುತ್ತಾಳೆ.
ಎಚ್ಚರವಿರುವ ಮಗಳನ್ನು ನಾನು ನೋಡುವುದು ಭಾನುವಾರ.
ಮೊನ್ನೆ ಕೇಳಿದಳು:
ಸ್ಟೇಷನ್ನಿನಿಂದ ಆ ಮನಿಗೋಳಿಗೆ ಎಷ್ಟು ಹೆಜ್ಜಿ?
ನೂರಾ ನಲವತ್ತು, ಅಂದೆ.
ಹಿಟ್ಟು ನಾದಿದಳು. ಮತ್ತೂ ನಾದಿದಳು.
ಯಾರಿರತಾರ ಅಲ್ಲಿ?
ನನ್ನ ಫಾರಮ್ಮಿನಲ್ಲಿ ಆ ಕಾಲಂ ಇಲ್ಲ.

ಜಗರೂಪ್ ಬೀಡಿ ಆರಿಸಿ ಬಂದ.
ಎಷ್ಟು ಮನೆ?
ಆರುನೂರು ಆದಾವು.
ಬೆರಳು ಮಡಿಸಿದ, ತುಟಿ ಅಲ್ಲಾಡಿತು, ಮುಖ ಅರಳಿತು:
ಆರುನೂರು ಮನೆಗೆ ದಿನಾ ಎಷ್ಟು ಕಟ್ಟು ಪಾಲಕ್ ಬೇಕು, ಭಾಯಿ!
ಆಮೇಲೆ ಕಾಲಬುಡದ ಮಡಿ ನೋಡಿದ.
ದನಿ ಇಳಿಸಿ,
ಗಟಾರದ ಆಚೆ ಇನ್ನೊಂದು ತುಂಡಿದೆ,
ಅದನ್ನ ಅಳೀಬೇಡ, ಅಂದ.

ಗೂಟಕ್ಕೆ ಬಾಯಿ ತೋರಿಸಿದ ಜಾಗ
ಎಂಟನೇ ಮಡಿಯ ನಡುಮಧ್ಯ.
ಅವನೇ ಎಲೆ ಸರಿಸಿ ಹಿಡಿದ,
ಮಗುವಿಗೆ ಬೈತಲೆ ತೆಗೆಯುವ ಹಾಗೆ.
ಹೊಡೆದೆ.
ಸ್ಲೋ ಲೋಕಲ್ಲಿನ ಬಾಗಿಲಿಗೆ ಜೋತವರು ನಮ್ಮನ್ನೇ ನೋಡುತ್ತ ಹೋದರು.

ಸಂಜೆ ಎರಡು ಕಟ್ಟು ಕೊಟ್ಟ, ದುಡ್ಡು ಬೇಡವೆಂದ.
ಬೇರಿಗಂಟಿದ ಕಪ್ಪು ಮಣ್ಣು
ಟಿಟ್ವಾಳದವರೆಗೆ ನನ್ನ ಚೀಲದಲ್ಲಿ ಪ್ರಯಾಣ ಮಾಡಿತು.
ನೀಲಗಂಗಾ ಮೂರು ನೀರಲ್ಲಿ ತೊಳೆದು ಚೆಲ್ಲಿದಳು.
ಎಷ್ಟು ಮಣ್ಣರೀ ಇದಕ್ಕ, ಅಂದಳು.
ಅಲ್ಲಿ ಚದರಡಿಗೆ ಎಷ್ಟು ದರ ಅಂತ
ನಾನು ಹೇಳಲಿಲ್ಲ.