ಬೈಕಂಪಾಡಿಯಲ್ಲಿ ಮರುಭೂಮಿ

ಬೆಳಿಗ್ಗೆ ಎಂಟಕ್ಕೆ ಮರುಭೂಮಿ ಆನ್ ಮಾಡುವುದು ನನ್ನ ಕೆಲಸ.
ಕಪಾಟಿನಷ್ಟೇ ಅದು, ಕಬ್ಬಿಣದ್ದು, ಒಂದು ಗಾಜಿನ ಕಿಂಡಿ,
ಬಾಗಿಲ ರಬ್ಬರು ಹರಿದಲ್ಲಿ ಹಳೆ ಸೀರೆಯ ಅಂಚು ತುರುಕಿದ್ದೇನೆ.
ಗುಬುಟು ತಿರುಗಿಸಿದರೆ ಐವತ್ತು, ಐವತ್ತೈದು, ಅರುವತ್ತು.
ಧೂಳಿಗೆ ಜರಡಿ ಹಿಡಿದ ಚಾಕ್ ಪುಡಿ.
ಪಣಂಬೂರಿನ ಹೊಯ್ಗೆ ಆಗುವುದಿಲ್ಲ, ಅದಕ್ಕೆ ಉಪ್ಪಿನ ಬುದ್ಧಿ.
ಒಂಟೆ ಇಲ್ಲ. ಉಳಿದದ್ದೆಲ್ಲ ಉಂಟು.

ಮೂವತ್ತೆರಡು ಪರದೆ ಬೇಕಂತೆ, ಕಡಲಾಚೆಯ ಒಂದು ಊರಿಗೆ.
ಅಲ್ಲಿ ಮಧ್ಯಾಹ್ನ ಏಣಿ ಮುಟ್ಟಿದರೆ
ಅಂಗೈಯ ಚರ್ಮ ಏಣಿಗೆ ಸೇರಿದ್ದು,
ರಿಪೇರಿಗೆ ಹತ್ತುವುದು ರಾತ್ರಿ ಎರಡಕ್ಕೆ, ಹಲ್ಲಲ್ಲಿ ಟಾರ್ಚು ಕಚ್ಚಿ.
ಇದ್ದಿನಬ್ಬ ಫೋನಿನಲ್ಲಿ ಹೇಳುತ್ತಾನೆ:
"ಲಿಡ್ವಿನ್ ಬಾಯಿ, ಚಂದದ್ದು ಬೇಡ.
ನಾನು ಹತ್ತದೆ ಇರುವಂಥದ್ದು ಆರಿಸಿ."

ನಾಲ್ಕು ನಮೂನೆ ಬಂದಿವೆ.
ಮೊದಲನೆಯದು ಮದುಮಗನ ಹಾಗೆ, ಬೆಳಕೋ ಬೆಳಕು,
ಹನ್ನೊಂದು ನಿಮಿಷ. ಆಮೇಲೆ ಕೆಂಪು ಸೋತು
ಬಿಳಿಯೆಲ್ಲ ಹಸಿರುಗಟ್ಟಿತು,
ಚಾರ್ಮಾಡಿ ಘಾಟಿಯ ಬಸ್ಸಲ್ಲಿ ವಾಂತಿ ತಡೆದವರ ಮುಖ.
ಎರಡನೆಯದರ ಬೆನ್ನಿಗೆ ಆರು ಫ್ಯಾನು.
ಉಸಿರೆಳೆದಷ್ಟೂ ಚಾಕ್ ಪುಡಿ ಒಳಗೆ;
ಗಂಜಿ ಊಟದ ಹೊತ್ತಿಗೆ ಅದರ ಗೊರಕೆ ನಿಂತಿತು.
ಮೂರು, ನಾಲ್ಕು ಅಕ್ಕತಂಗಿಯರು. ಫ್ಯಾನಿಲ್ಲ,
ಬೆನ್ನ ತುಂಬ ಅಲ್ಯೂಮಿನಿಯಮ್ಮಿನ ಏಣು, ಸಂದಿಗೆಲ್ಲ ಸಿಲಿಕೋನ್.
ಕಾಗದದ ಮೇಲೆ ಇಬ್ಬರಿಗೂ ಒಂದೇ ಅಂಕಿ.
ತಂಗಿಗೆ ಮಾತ್ರ ರೇಟು ಕಡಿಮೆ.

ಓಡಿಸಲಿಕ್ಕೆ ಎಂತಾದರೂ ಬೇಕಲ್ಲ, ಪೆನ್‌ಡ್ರೈವಿನಲ್ಲಿ ಇದ್ದದ್ದು
ದಕ್ಕೆಯ ಹಳೆ ದರಪಟ್ಟಿ.
ಅರುವತ್ತು ಡಿಗ್ರಿಯಲ್ಲಿ ಮೂರು ದಿನ ಎಡೆಬಿಡದೆ
ಬಂಗುಡೆ ಇನ್ನೂರ ನಲ್ವತ್ತು, ಬೂತಾಯಿ ನೂರ ಇಪ್ಪತ್ತು,
ಅಂಜಲ್ ಕೇಳುವುದೇ ಬೇಡ.
ಅಷ್ಟು ಸೆಕೆಗೂ ಒಂದು ಮೀನೂ ನಾರಲಿಲ್ಲ.

"ಎರಡೂ ಪಾಸಾಯಿತಲ್ಲ," ಬಲ್ಲಾಳರು ಬಾಗಿಲಲ್ಲೇ ನಿಂತು,
"ಕಡಿಮೆಯದ್ದು ಬರೆಯಿರಿ ಮಾರಾಯ್ರೆ."

ನನ್ನಪ್ಪ ಹಂಚಿನ ಕಾರ್ಖಾನೆಯಲ್ಲಿ ಭಟ್ಟಿ ಕಾಯುತ್ತಿದ್ದವರು,
ನೇತ್ರಾವತಿಯ ದಡದಲ್ಲಿ. ಈಗ ಅಲ್ಲಿ ಫ್ಲ್ಯಾಟು.
ಅವರು ಬೆಂಕಿಗೆ ಹೆದರಿದ್ದಿಲ್ಲ,
ಹೆದರಿದ್ದು ಭಟ್ಟಿಯ ಬಾಗಿಲು ಬಿಚ್ಚುವ ದಿನಕ್ಕೆ.
ಹಂಚು ಬೆಂಕಿಯಲ್ಲಿ ಒಡೆಯುವುದಲ್ಲ, ತಣಿಯುವಾಗ ಒಡೆಯುವುದು,
ಎನ್ನುತ್ತ ಒಂದೊಂದನ್ನೂ ಎತ್ತಿ ಬೆರಳ ಗೆಣ್ಣಲ್ಲಿ ಬಡಿದು
ಕಿವಿಗೊಡುತ್ತಿದ್ದರು.
ಟಣ್ ಎಂದರೆ ಮಾಡಿಗೆ.
ದಡ್ ಎಂದರೆ ಬಾವಿಕಟ್ಟೆಯ ಕೆಸರಿಗೆ.

ಮರುಭೂಮಿಗೂ ರಾತ್ರಿ ಉಂಟಲ್ಲ.
ಫಾರ್ಮಿನಲ್ಲಿ ಆ ಕಾಲಮ್ಮು ಇಲ್ಲ.

ಎಲ್ಲರೂ ಹೋದ ಮೇಲೆ ಗುಬುಟನ್ನು ಸೊನ್ನೆಗೆ ತಂದೆ.
ಪಕ್ಕದ ಐಸ್ ಪ್ಲಾಂಟಿನ ದೇಜು ಎರಡು ಬುಟ್ಟಿ ಐಸು ಕೊಟ್ಟ,
ಯಾಕೆಂದು ಕೇಳಲಿಲ್ಲ.
ಬುಟ್ಟಿಗಳನ್ನು ಒಳಗೆ ತಳ್ಳಿ, ಸೀರೆಯಂಚು ಸರಿಮಾಡಿ,
ಸ್ಟೂಲು ಎಳೆದು ಕೂತೆ. ಹೊರಗೆ ಮೇ ತಿಂಗಳು,
ಒದ್ದೆ ಟವೆಲಿನಂಥ ಗಾಳಿ, ಲಾರಿಗಳ ಸಾಲು.
ಗಾಜಿನ ಆಚೆ ಯಾವುದೋ ದೇಶದ ಬೆಳಗಿನ ಜಾವ
ಮೆಲ್ಲಗೆ ಕಟ್ಟಿಕೊಳ್ಳುತ್ತಿತ್ತು.

ಒಂಬತ್ತೂ ಕಾಲಿಗೆ
ಟಿಕ್.
ತಂಗಿ.
ಬಲಮೂಲೆಯಲ್ಲಿ ಅಂಗೈಯಗಲ ಕತ್ತಲೆ,
ಅಂಜಲ್ ಇದ್ದಲ್ಲಿ ಬರೀ "ಅಂ".

ಅಕ್ಕ ಉರಿಯುತ್ತಲೇ ಇದ್ದಳು, ಬಂಗುಡೆ ಸಮೇತ.
ಬಾಗಿಲು ತೆಗೆದು ಬೆನ್ನಿಗೆ ಬಡಿದೆ.
ಟಣ್.

ಮೂರನೆಯದು ಎಂದು ಬರೆದೆ. ಕಾರಣ ಎಂಬಲ್ಲಿ
"ಸ್ವರ ಸರಿ ಉಂಟು."
ಬಲ್ಲಾಳರು ಓದಿದರು, ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು,
ಅದನ್ನು ಹೊಡೆದುಹಾಕಿ ಎಂತದೋ ಅಂಕಿ ಬರೆದು ಸಹಿ ಹಾಕಿದರು.
ನನಗೆ ಅಂಕಿಯ ಮೇಲೆ ಸಿಟ್ಟಿಲ್ಲ.

ಇದ್ದಿನಬ್ಬನಿಗೆ ಮೆಸೇಜು ಕಳಿಸಿದ್ದೇನೆ:
ಉತ್ತರಕ್ಕೆ ಮುಖ ಮಾಡಿ ನಿಲ್ಲಿಸು.
ಬಿಳಿ ಹಿನ್ನೆಲೆ ಬೇಡ, ಕರಿಯ ಮೇಲೆ ಅಕ್ಷರ ಸಾಕು,
ಕರಿಗೆ ಕರೆಂಟು ಬೇಕಿಲ್ಲ.
ರಾತ್ರಿ ಬೆಳಕು ಇಳಿಸು, ಅದೂ ನಿದ್ದೆ ಮಾಡಲಿ, ನೀನೂ.
ಹಾಗಂತ
ಏಣಿ ಮಾರಬೇಡ.