ಹಾರುಬೂದಿಯ ಒಂಬತ್ತನೇ ಹಾಡು

ಬಂಡೆಪ್ಪನ ತಂಗಿ ಶಕ್ತಿನಗರದ ಕ್ವಾರ್ಟರ್ಸ್ ಖಾಲಿ ಮಾಡುವಾಗ
ಅಟ್ಟದ ಮೇಲೆ, ಸೀಟಿ ಕಳಕೊಂಡ ಕುಕ್ಕರಿನೊಳಗೆ
ಬನಿಯನ್ನಿನಲ್ಲಿ ಸುತ್ತಿಟ್ಟ ಕ್ಯಾಸೆಟ್ಟು.
ಮೇಲೆ ಪೆನ್ಸಿಲಿನಲ್ಲಿ:
ಹಾರುಬೂದಿ. ಹೊಸವು. ಯಾರಿಗೂ ಕೊಡಬ್ಯಾಡ.
ಇಪ್ಪತ್ತೆರಡು ವರ್ಷ ಕುಕ್ಕರು ಮಾತು ಉಳಿಸಿಕೊಂಡಿತ್ತು.

ಜಂಬಣ್ಣ ಪಂಕ್ಚರ್ ಅಂಗಡಿಯ ಶಟರು ಅರ್ಧ ಎಳೆದ.
ಮಸ್ತಾನ್ ಲಿಂಗಸುಗೂರಿನಿಂದ ಬಸ್ಸಿಗೆ ಬಂದ,
ಶುಗರ್ ಮಾತ್ರೆ ಮರೆತು.
ಹುಲಿಗೆಮ್ಮನ ಕಂಕುಳಲ್ಲಿ ಅಂಗನವಾಡಿಯ ಹಾಜರಿ ಪುಸ್ತಕ.
ನಾನು, ಅಂದು ಸ್ಟೇಜಿಗೆ ಟಾರ್ಚು ಬಿಡುತ್ತಿದ್ದವಳು,
ಬರಿಗೈಲಿ.
ಎಲ್ಲ ಸೇರಿ ಏಳು ಮಂದಿ.
ಹಾರುಬೂದಿಗೆ ಇದ್ದದ್ದೇ ಏಳು ಮಂದಿ ಅಂತ
ಕಾಲನಿಯವರು ಆಗಲೂ ಆಡಿಕೊಳ್ಳುತ್ತಿದ್ದರು.
ಸುಳ್ಳು. ಒಮ್ಮೆ ಹದಿನಾಲ್ಕು ಆಗಿದ್ದೆವು.

ಒಣಹಾಕಿದ ಬಿಳಿ ಅಂಗಿ ಸಂಜೆಗೆ ಬೂದಿಬಣ್ಣ ಆಗುವ ಊರಲ್ಲಿ
ಬ್ಯಾಂಡಿಗೆ ಬೂದಿಯ ಹೆಸರೇ ಇಟ್ಟುಕೊಂಡ
ಮೂರು ಹುಡುಗರು.
ಒಂದು ಕ್ಯಾಸೆಟ್ಟು ಮಾಡಿದರು, ಜಗಳಾಡಿದರು, ಮುಗಿಯಿತು.
ಮೈನು ದಮ್ಮಾಮಿಗೆ ಹೋದ.
ದೇವಪುತ್ರ ಸಿಂಧನೂರಿನಲ್ಲಿ ಸಿಮೆಂಟು ಏಜೆನ್ಸಿ ಹಿಡಿದ.
ಬಾರೋ ಅಂತ ಫೋನು ಮಾಡಿದರೆ
ಲೋಡು ಇಳಸಾಕತ್ತೀನಿ ಅಂದ.

ಟೇಪು ತಿರುಗಿತು.

ಹಳೆಯ ಹಾಡಾಗಿದ್ದರೆ ಬಾಯಿ ತಾನೇ ಮುಂದೆ ಓಡುತ್ತಿತ್ತು.
ಇದರ ದಾರಿ ಗೊತ್ತಿಲ್ಲ.
ಕರೆಂಟು ಹೋದ ಮನೆಯಲ್ಲಿ ಗೋಡೆ ತಡವಿದ ಹಾಗೆ
ತುಟಿ ಅರ್ಧ ತೆರೆದು ಕೂತೆವು.
ಎರಡನೆಯದಕ್ಕೆ ಮಸ್ತಾನ್ ಸಿಡುಕಿದ:
ಇಷ್ಟು ಮೆಲ್ಲಕ ಬಾರಸೋರಲ್ಲ ಇವರು, ಇದು ಮೋಸ.
ಮೂರನೆಯದರಲ್ಲಿ ಮೈನುವಿನ ಗಿಟಾರು
ಕಲ್ಲಿದ್ದಲ ವ್ಯಾಗನ್ನಿಗೆ ವ್ಯಾಗನ್ನು ತಾಕಿದ ಹಾಗೆ
ಹಿಂದಿನಿಂದ ಮುಂದಿನವರೆಗೂ ಅದುರಿಕೊಂಡು ಬಂತು.
ಮಸ್ತಾನ್ ಮಾತು ವಾಪಸ್ಸು ತಗೊಂಡ.

ಐದರ ನಡುವೆ ಯಾರದೋ ತಾಯಿ:
ಚಾ ಆರ್ತದ, ಬರ್ರೋ.
ಯಾವ ಹಾಡಿಗೂ ಅಳದ ಹುಲಿಗೆಮ್ಮ
ಆ ಚಾಕ್ಕೆ ಅತ್ತಳು.

ಆರನೆಯದರಲ್ಲಿ ಟಾರ್ಚು ಅನ್ನುವ ಪದ ಬಂತು.
ಎರಡು ಸಲ.
ಯಾರೂ ನನ್ನ ಕಡೆ ನೋಡಲಿಲ್ಲ.
ನೋಡುತ್ತಿಲ್ಲ ಅನ್ನುವುದು ನನಗೆ ಕಾಣುವ ಹಾಗೆ
ಸೈಕಲ್ ಟ್ಯೂಬುಗಳನ್ನೇ ನೋಡಿದರು.

ಒಂಬತ್ತನೆಯದು.
ಗಿಟಾರಿಲ್ಲ. ಡ್ರಮ್ಮು, ದೇವಪುತ್ರನ ಗಂಟಲು, ಅಷ್ಟೇ.
ಎರಡನೇ ಚರಣಕ್ಕೆ ದನಿ ಒಂದು ಕೂದಲೆಳೆ ಏರಿತು.
ಆಮೇಲೆ ಇನ್ನೊಂದು.
ಇಪ್ಪತ್ತೈದರವ ಹದಿನೆಂಟರವನಾದ,
ದನಿ ಒಡೆಯದ ಹುಡುಗನಾದ,
ಕೂಸಾದ.
ಎಂಥಾ ಪ್ರಯೋಗ ನೋಡ್ರಲೇ! ಮಸ್ತಾನ್ ಎದ್ದೇ ನಿಂತ.

ಮೂಲೆಯಲ್ಲಿ ಟೈರಿನ ಮೇಲೆ ಕೂತಿದ್ದ ಬಂಡೆಪ್ಪ
ಅಲ್ಲಿಯವರೆಗೆ ತುಟಿ ಬಿಚ್ಚಿರಲಿಲ್ಲ.
ಪ್ರಯೋಗ ಇಲ್ಲ, ಮಣ್ಣಿಲ್ಲ.
ಕರೆಂಟ್ ಹೋಗಿತ್ತು.
ಟೇಪು ಸೆಲ್ಲಿನ ಮ್ಯಾಲ ಇತ್ತು.
ಸೆಲ್ಲು ಸಾಯಾಕತ್ತಿತ್ತು.

ರಾಜ್ಯಕ್ಕೆಲ್ಲ ಬೆಳಕು ಕಳಿಸುವ ಚಿಮಣಿಯ ಬುಡದಲ್ಲಿ
ಕರೆಂಟ್ ಹೋಗಿತ್ತು. ನಕ್ಕೆವು.
ಅಂದು ಟೇಪು ಸುಸ್ತಾಗಿ ಮೆಲ್ಲಗೆ ತಿರುಗಿದ್ದಕ್ಕೆ
ಇಂದು ದನಿ ಎಳೆಯದಾಗುತ್ತ ಹೋಗುತ್ತಿದೆ.
ನಗು ಎಲ್ಲಿ ನಿಂತಿತೋ ತಿಳಿಯಲಿಲ್ಲ.

ಬಂಡೆಪ್ಪ ಎದ್ದು ಬಂದು
ತಿರುಗುವ ಸುರುಳಿಯ ಹತ್ತಿರ ಬೆರಳು ಒಯ್ದ:
ಚೂರು ಒತ್ತಿದರ ಅವನ ಖರೇ ದನಿ ಬರ್ತದ. ಒತ್ತಲೇನು?

ಬ್ಯಾಡ, ಅಂದೆ. ನಾನೇ ಮೊದಲು ಅಂದದ್ದು.
ಬೆರಳು ಹಿಂದಕ್ಕೆ ಸರಿಯಿತು.
ಕೂಸು ಗುಬ್ಬಿಯಾಯಿತು, ಗುಬ್ಬಿ ಸೀಟಿಯಾಯಿತು,
ಆಮೇಲೆ ಬರೀ ಸರ್‍ರ್ ಅನ್ನುವ ಗಾಳಿ.

ಯಾರೂ ಏಳಲಿಲ್ಲ.
ಆ ಕಡೀ ಮಗ್ಗಲಿಗೆ ಏನರ ಇದ್ದೀತು, ಅಂದ ಜಂಬಣ್ಣ.
ತಿರುವಿ ಹಾಕಿದ.

ಬಂಡೆಪ್ಪನ ತಂಗಿ, ಆಗ ಏಳನೇ ಕ್ಲಾಸು,
ಹದಿಮೂರರ ಮಗ್ಗಿ ಹೇಳುತ್ತಿದ್ದಳು,
ಏಳಕ್ಕೆ ತಡವರಿಸಿ, ಮತ್ತೆ ಮೊದಲಿಂದ.

ಇದು ನಮಗೆ ಗೊತ್ತಿತ್ತು.
ಏಳೂ ಮಂದಿ ದನಿ ಕೂಡಿಸಿದೆವು,
ಬಂಡೆಪ್ಪ ಟೈರಿನ ಮೇಲೆ ತಾಳ ಹಾಕಿದ.