ತಣ್ಣೀರ ಪಟ್ಟಿ

ರಾತ್ರಿಪಾಳಿ ಮುಗಿಸಿ ಎಂಟಕ್ಕ ಬರತೀನಿ.
ಅಷ್ಟರಾಗ ಕಲಬುರಗಿ ಬಿಸಲು ಮಾರಿ ತೊಳಕೊಂಡು
ನನಗಿಂತ ಮೊದಲ ಮೆಟ್ಟಲ ಏರಿರತದ.
ಶಹಾಬಜಾರದ ಮ್ಯಾಲಿನ ಖೋಲಿ. ತಲಿ ಮ್ಯಾಲ ಸ್ಲ್ಯಾಬು,
ಸ್ಲ್ಯಾಬಿನ ಮ್ಯಾಲ ಅಂವ ಒಬ್ಬನ.

ಮೊದಲ ಮೂಡಣ ಕಿಡಕಿ ಮುಚ್ಚಬೇಕು.
ಗಾಳಿ ಬರಲಿ ತೆಗಿ, ಅಂತಾರ ಮಂದಿ.
ಯಾವ ಗಾಳಿ? ಹಂಚಿನ ಮ್ಯಾಲ ಹೊಳ್ಳಿ ಬಂದದ್ದು?
ಹಗಲೆಲ್ಲ ಬಾಯಿ ಮುಚ್ಚು, ರಾತ್ರಿ ತೆಗಿ:
ಕೆಳಗಿನ ಮನಿ ಮಹಬೂಬಬಿ ಹೇಳಿದ್ದು,
ಬಾಡಗಿ ಎಣಿಸಿಕೋತ, ನನ್ನ ಮಾರಿ ನೋಡದ.

ಆಮ್ಯಾಲ ಗೋಣಿಚೀಲ. ಎರಡು, ಬ್ಯಾಳಿ ಮಿಲ್ಲಿನವು,
ಮಾಲಕನ ಹೆಸರು ಅಳಿಸಿ ಐವತ್ತು ಕೇಜಿ ಅಷ್ಟ ಉಳದದ.
ಬಕೀಟಿನ್ಯಾಗ ಅದ್ದಿ, ಹಿಂಡದ ಕಟ್ಟತೀನಿ.
ನಳ ನಾಕು ದಿನಕ್ಕೊಮ್ಮೆ ಬರತಾವ,
ಅದಕ್ಕ ಇದು ಅರಿವಿ ಜಾಲಿಸಿದ ನೀರು.
ಒಳಗ ಬರೂ ಗಾಳಿಗಿ ಸಬೂನಿನ ವಾಸನಿ.

ಇಪ್ಪತ್ತು ವರ್ಷದಿಂದ ಇದ ಕೆಲಸ ನಂದು,
ಜ್ವರದ ಹಣಿಗಿ ಪಟ್ಟಿ. ಒಣಗಿದರ ಮತ್ತ ಅದ್ದು.
ಕಿಡಕಿಗೂ ಹಣಿ ಇರತದ ಅಂತ ಗೊತ್ತಿದ್ದಿಲ್ಲ.

ಹೋದ ಸೋಮವಾರ ಗಂಜಿನ ಹಮಾಲನ್ನ ತಂದರು, ಸಿದ್ರಾಮಪ್ಪ.
ನೂರಾ ಆರು. ಬೆವರು ನಿಂತಿತ್ತು, ಅದ ಅಂಜಿಕಿ.
ಬಗಲಾಗ ಬರ್ಫ, ಮೈಮ್ಯಾಲ ಹಸಿ ಚಾದರ,
ಗರ್ ಅಂತ ತಿರಗೂ ಫ್ಯಾನು. ಯಾರೂ ಮಾತಾಡಲಿಲ್ಲ.
ನಸಕಿನ್ಯಾಗ ಕಣ್ಣು ತೆಗದು ಅಂದ:
"ಬಾಯಿ, ಫ್ಯಾನ ಬಂದ್ ಮಾಡ್ರಿ, ಥಂಡಿ ಹತ್ತತದ."
ಇಡೀ ವಾರ್ಡು ನಕ್ಕಿತು. ನಾನೂ.

ನಾಕನೇ ದಿನ ಕಳಸೂವಾಗ ಕೇಳಿದೆ, ಮನಿ ಎಂಥಾದು?
"ತಗಡಿಂದು."
ಡಿಸ್ಚಾರ್ಜ ಕಾಗದದಾಗ ಗುಳಿಗಿಗಿ ಜಾಗ ಅದ,
ಪಥ್ಯಕ್ಕ ಅದ, ಸೂರಿಗಿ ಇಲ್ಲ.
ಹೊಳ್ಳಿಸಿ ಹಿಂದ ಬರದೆ:
ತಗಡಿನ ಮ್ಯಾಲ ತೊಗರಿ ಕಟಗಿ, ಗೇಣು ದಪ್ಪ.
ಸಂಜಿಗಿ ಒಂದು ಕೊಡ ನೀರು ಚಿಮುಕಿಸೂದು.
ಓದಕ ಬರೂದಿಲ್ಲ, ಅಂದ. ಮಗಳಿಗಿ ಬರತದ.
ಮಡಚಿ ಕಿಸೇದಾಗ ಇಟ್ಟ, ಗುಳಿಗಿ ಮರತು ಹೋದ.
ಬೆನ್ನ ಹತ್ತಿ ಓಡಿ ಕೊಟ್ಟು ಬಂದೆ.

ನನ್ನ ನೆಲ ಶಹಾಬಾದ ಫರಸಿ. ಪುಣ್ಯೇದ ಮಾತು.
ಗಾದಿ ಸುತ್ತಿಟ್ಟು ಬರೇ ನೆಲಕ್ಕ ಬೆನ್ನು ಹಚ್ಚತೀನಿ.
ಕಲ್ಲು ಬೆಚ್ಚಗಾದರ ಇನ್ನೊಂದು ಕಲ್ಲಿಗಿ ಸರೀತೀನಿ.
ಮಧ್ಯಾಹ್ನದಾಗ ಹದಿನಾರೂ ಫರಸಿ ಮುಗದು
ಖೋಲಿ ತುಂಬ ನಾನ ಮಲಗಿರತೀನಿ.

ಮೂರಕ್ಕ ಕೆಳಗಿಂದ ಒದರತಾಳ:
"ಏ ಸುವಾರ್ತಾ! ನಿನ್ನ ಚೀಲದ ನೀರು ನನ್ನ ಶಾವಿಗಿ ಮ್ಯಾಲ!"
ಹೊರಸಿನ ತುಂಬ ಹರವ್ಯಾಳ, ವರ್ಷಕ್ಕಾಗೂವಷ್ಟು.
ಇನ್ನೆರಡು ದಿನ ಹಿಂಗ ಉರೀಲಿ ಅಂತಾಳ ಆಕಿ.
ಒಂದು ಮೋಡ ಕೊಡಪ್ಪ ಅಂತೀನಿ ನಾನು.
ಎರಡೂ ಒಂದ ಮುಗಿಲಿಗಿ ಹೋಗತಾವ.
ಮುಗಿಲು ಆಕಿ ಕಡಿ.
ಇಬ್ಬರೂ ಹಿಡದು ಹೊರಸು ಸರಿಸಿದ್ವಿ.
ಒಂದು ತಾಸು ಮಾತು ಬಿಟ್ಟಳು.
ನಾಕಕ್ಕ ಮಜ್ಜಿಗಿ ಕಳಿಸಿದಳು, ಉಪ್ಪು ಜಾಸ್ತಿ.

ಒಂಬತ್ತಕ್ಕೂ ಸ್ಲ್ಯಾಬು ಹಗಲನ್ನ ನೆನಸತಿರತದ.
ಗ್ವಾಡಿಗಿ ಅಂಗೈ ಇಟ್ಟು ನೋಡತೀನಿ, ಕೈ ರೂಢಿ:
ಇನ್ನೂ ಇಳದಿಲ್ಲ.
ಕಿಡಕಿ ಎಲ್ಲಾ ತೆಗದು, ಕೀಲಿ ಕೆಳಗ ಕೊಟ್ಟು,
ಬಿಳಿ ಸೀರಿ ನೆರಿಗಿ ಹಿಡಕೊಂಡು ಆಟೋ ಹತ್ತತೀನಿ.
ಮಹಬೂಬಬಿ ಹೆಣ್ಣುಮಕ್ಕಳು ಮ್ಯಾಲ ಬಂದು ಮಲಗತಾರ.
ತಂಪು ಬರೂದು ಮೂರು ಗಂಟೇಕ್ಕಂತ.
ಸಣ್ಣಾಕಿ ಹೇಳತಾಳ, ಕಾಲಿನ ಕಡಿಯಿಂದ ಬರತದಂತ.
ನನ್ನ ಮನಿ ತಂಪಾದದ್ದು ನಾನಿನ್ನೂ ನೋಡಿಲ್ಲ.

ಮುಂಜಾನೆ ಬಂದರ ಮೂಲ್ಯಾಗ ಮಡಚಿಟ್ಟ ಚಾದರ.
ಕಿಡಕಿ ಮುಚ್ಚೂ ಮೊದಲ
ಅದರೊಳಗ ಒಮ್ಮೆ ಕೈ ಹಾಕತೀನಿ.